ಸಾರಿನ ತಳದಲ್ಲಿ ಎಷ್ಟು ಬೇಳೆ ಇದೆ? ಪ್ರೋಟೀನ್ ಚರ್ಚೆ ಶುರುವಾಗಬೇಕಿರೋದು ಅಲ್ಲಿಂದ

ನಾನಿದ್ದ ಹಾಸ್ಟೆಲಿನಲ್ಲಿ ಸಾರಿಗೆ ‘ಗಂಗಾಜಲ’ ಅಂತ ಅಡ್ಡಹೆಸರಿತ್ತು. ಬಕೆಟ್ ಮುಂದೆ ತಟ್ಟೆ ಹಿಡಿದು ನಿಂತವರದ್ದೆಲ್ಲ ಒಂದೇ ಕೋರಿಕೆ: “ಅಣ್ಣಾ, ತಳದಿಂದ ಹಾಕಿ.” ಸೌಟು ತಳಕ್ಕೆ ಹೋದರೆ ಬೇಳೆ ಸಿಗೋದು. ಮೇಲ್ಮೇಲೆ ಹೋದರೆ ಹುಣಸೆ ನೀರು, ಖಾರ, ಒಂದೆರಡು ಸಾಸಿವೆ ಕಾಳು. ಅಡುಗೆಯವರೇನೂ ಕೆಟ್ಟವರಾಗಿರಲಿಲ್ಲ, ಅಷ್ಟೂ ಜನಕ್ಕೆ ಉಗ್ರಾಣದಿಂದ ಬರುತ್ತಿದ್ದ ಬೇಳೆಯೇ ಅಷ್ಟು. ಅನ್ನ ಮಾತ್ರ ಕೇಳಿದಷ್ಟು ಹಾಕೋರು.

ಪ್ರೋಟೀನ್ ಅನ್ನೋ ಪದ ಆಗ ವಿಜ್ಞಾನ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿತ್ತು. ಈಗ ಅದು ಬಿಸ್ಕತ್ತಿನ ಪೊಟ್ಟಣದ ಮೇಲಿದೆ, ಲಸ್ಸಿ ಬಾಟಲಿಯ ಮೇಲಿದೆ, ಐಸ್‌ಕ್ರೀಮಿನ ಮೇಲೂ ಇದೆ. ಇನ್‌ಸ್ಟಾಗ್ರಾಂ ತೆರೆದರೆ ಯಾರೋ ಒಬ್ಬರು ಡಬ್ಬಿ ಹಿಡಿದುಕೊಂಡು “ಇಂಡಿಯನ್ಸ್‌ಗೆ ಪ್ರೋಟೀನ್ ಬಗ್ಗೆ ಅವೇರ್‌ನೆಸ್ಸೇ ಇಲ್ಲ” ಅಂತಾರೆ. ನನ್ನ ತಕರಾರು ಇರೋದು ಈ ಮಾತಿನ ಮೇಲೆ. ‘ತಳದಿಂದ ಹಾಕಿ’ ಅಂತ ಕೇಳೋ ಹುಡುಗನಿಗೆ ಏನು ಬೇಕು ಅಂತ ಚೆನ್ನಾಗೇ ಗೊತ್ತಿದೆ. ಬಕೆಟ್ಟಿನಲ್ಲಿ ಬೇಳೆ ಯಾಕೆ ಕಮ್ಮಿ ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕೋ ಮೊದಲು ಸ್ವಲ್ಪ ವಿಜ್ಞಾನ ನೋಡೋಣ. ಅದಿಲ್ಲದೆ ಜಾಹೀರಾತನ್ನೂ ಪ್ರಶ್ನಿಸೋಕಾಗಲ್ಲ, ಸರ್ಕಾರವನ್ನೂ ಪ್ರಶ್ನಿಸೋಕಾಗಲ್ಲ.

ದೇಹ ದಿನಾ ತನ್ನನ್ನೇ ಒಡೆದು ಕಟ್ಟುತ್ತೆ

ಪ್ರೋಟೀನ್ ಅಂದ ಕೂಡಲೇ ತೋಳಿನ ಸ್ನಾಯು ಕಣ್ಮುಂದೆ ಬರುತ್ತೆ. ಆದರೆ ಊಟ ಜೀರ್ಣ ಮಾಡುವ ಕಿಣ್ವಗಳು, ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳು, ಇನ್ಸುಲಿನ್‌ನಂಥ ಹಾರ್ಮೋನುಗಳು, ಚರ್ಮ, ಕೂದಲು, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇವೆಲ್ಲವೂ ಪ್ರೋಟೀನುಗಳೇ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತೇವಲ್ಲ, ಆ ಕಬ್ಬಿಣ ಹೋಗಿ ಕೂರಬೇಕಾದ ಹಿಮೋಗ್ಲೋಬಿನ್ ಕಟ್ಟೋಕೂ ಪ್ರೋಟೀನ್ ಬೇಕು.

ವಯಸ್ಕರ ದೇಹ ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನನ್ನು ಒಡೆದು ಮತ್ತೆ ಕಟ್ಟುತ್ತದೆ. ಹಳೇ ಮನೆಯ ಇಟ್ಟಿಗೆ ಬಿಚ್ಚಿ ಅದರಲ್ಲೇ ಹೊಸ ಗೋಡೆ ಎಬ್ಬಿಸಿದ ಹಾಗೆ. ಬಹುಪಾಲು ಇಟ್ಟಿಗೆ ಮರುಬಳಕೆಯಾಗುತ್ತೆ, ಒಂದಷ್ಟು ಪುಡಿಯಾಗಿ ಹೋಗುತ್ತೆ. ಆ ನಷ್ಟವನ್ನು ಊಟದಿಂದ ತುಂಬಬೇಕು. ಈ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಒಟ್ಟು 20 ಬಗೆ ಇವೆ, ಅದರಲ್ಲಿ 9 ಬಗೆಯವನ್ನು ನಮ್ಮ ದೇಹ ತಾನೇ ತಯಾರಿಸಲಾರದು, ತಿಂದೇ ಪಡೀಬೇಕು. ಕೊಬ್ಬನ್ನು ಸೊಂಟದ ಸುತ್ತ ಕೂಡಿಡೋ ದೇಹಕ್ಕೆ ಅಮೈನೋ ಆಮ್ಲ ಕೂಡಿಡೋ ಗೋದಾಮಿಲ್ಲ. ಊಟದಲ್ಲಿ ಬರದಿದ್ದರೆ ಸ್ನಾಯುವನ್ನೇ ಕರಗಿಸಿ ತಗೊಳ್ಳುತ್ತೆ.

ಇನ್ನೊಂದು ವಿಷಯವನ್ನು ಜಾಹೀರಾತುಗಳು ಯಾವತ್ತೂ ಹೇಳಲ್ಲ. ಹೊಟ್ಟೆ ತುಂಬದಿದ್ದರೆ, ಅಂದರೆ ಒಟ್ಟು ಕ್ಯಾಲೊರಿಯೇ ಸಾಲದಿದ್ದರೆ, ತಿಂದ ಪ್ರೋಟೀನನ್ನೂ ದೇಹ ಇಂಧನವಾಗಿ ಉರಿಸಿಬಿಡುತ್ತೆ. ಸೌದೆ ಇಲ್ಲದಾಗ ತೇಗದ ಬಾಗಿಲನ್ನೇ ಒಲೆಗೆ ಹಾಕಿದಂತೆ. ಪದೇಪದೇ ಭೇದಿ, ಜ್ವರ ಬರುವ ಮಗುವಿನಲ್ಲೂ ಹೀಗೇ ಸೋರಿಕೆ. ಹಾಗಾಗಿ ಕುಡಿಯುವ ನೀರು, ಶೌಚಾಲಯ ಕೂಡ ಒಂದರ್ಥದಲ್ಲಿ ಪ್ರೋಟೀನ್ ವಿಷಯವೇ.

ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದರೆ ಎನ್‌ಐಎನ್, 2020ರಲ್ಲಿ ಕೊಟ್ಟ ಶಿಫಾರಸು ಹೀಗಿದೆ: ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. 55 ಕೆ.ಜಿ. ತೂಕದ ಹೆಣ್ಣಿಗೆ ಸುಮಾರು 46 ಗ್ರಾಂ, 65 ಕೆ.ಜಿ. ತೂಕದ ಗಂಡಿಗೆ 54 ಗ್ರಾಂ. ಇದು ಒಳ್ಳೇ ಗುಣಮಟ್ಟದ ಪ್ರೋಟೀನ್ ಸಿಗುತ್ತಿರುವವರಿಗೆ. ಊಟದಲ್ಲಿ ಅಕ್ಕಿ-ಗೋಧಿಯೇ ಹೆಚ್ಚಿದ್ದರೆ ಕೆ.ಜಿ.ಗೆ 1 ಗ್ರಾಂ ಅಂತ ಹಿಡೀಬೇಕು. ಗರ್ಭಿಣಿಯರಿಗೆ ಕೊನೇ ಮೂರು ತಿಂಗಳಲ್ಲಿ ಇದರ ಮೇಲೆ ದಿನಕ್ಕೆ 22 ಗ್ರಾಂ, ಹಾಲೂಡಿಸುವ ಮೊದಲ ಆರು ತಿಂಗಳು 17 ಗ್ರಾಂ ಹೆಚ್ಚು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಪಾತ್ರೆ ಬಳಿದು ತಿನ್ನೋದು ಸಾಮಾನ್ಯವಾಗಿ ಯಾರು ಅಂತ ನೆನಪಿಸಿಕೊಂಡರೆ ಈ ಅಂಕಿಗಳ ಅರ್ಥ ಇನ್ನಷ್ಟು ತಿಳಿಯುತ್ತೆ.

ಜಿಮ್‌ಗೆ ಹೋಗುವವರ ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡೋಣ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಹೆಚ್ಚು ಬೇಕು, ನಿಜ. ಆದರೆ ಕೆ.ಜಿ.ಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚುವರಿ ಲಾಭ ಅಷ್ಟಾಗಿ ಕಾಣಲ್ಲ ಅಂತ ಸಂಶೋಧನೆಗಳು ಹೇಳ್ತವೆ. ಮಿಕ್ಕಿದ್ದು ಇಂಧನವಾಗುತ್ತೆ ಅಥವಾ ಕೊಬ್ಬಾಗುತ್ತೆ, ಅದರ ಸಾರಜನಕ ಮೂತ್ರದಲ್ಲಿ ಹೋಗುತ್ತೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಅಪಾಯವೂ ಹೌದು, ಅಂಥವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ಎನ್‌ಐಎನ್ 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲೆಂದು ಪ್ರೋಟೀನ್ ಸಪ್ಲಿಮೆಂಟ್ ಬಳಸಬೇಡಿ ಅಂತಲೇ ಹೇಳಿದೆ.

ದುಡ್ಡಿನ ಲೆಕ್ಕವನ್ನೂ ನೋಡಿ. ಬೆಲೆಗಳು ಊರಿಂದೂರಿಗೆ ಬದಲಾಗ್ತವೆ, ಲೆಕ್ಕದ ಕ್ರಮ ಮುಖ್ಯ. 24 ಗ್ರಾಂ ಪ್ರೋಟೀನ್ ಕೊಡುವ ಒಂದು ಚಮಚ ವ್ಹೇ ಪುಡಿಗೆ ಎಪ್ಪತ್ತು-ಎಂಬತ್ತು ರೂಪಾಯಿ ಅಂದುಕೊಂಡರೆ ಗ್ರಾಂಗೆ ಮೂರು ರೂಪಾಯಿ ದಾಟಿತು. ಏಳು ರೂಪಾಯಿಯ ಮೊಟ್ಟೆಯಲ್ಲಿ 6 ಗ್ರಾಂ ಇರುತ್ತೆ, ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಕೆ.ಜಿ.ಗೆ 140 ರೂಪಾಯಿಯ ತೊಗರಿಬೇಳೆಯಲ್ಲಿ 220 ಗ್ರಾಂ ಪ್ರೋಟೀನ್ ಇದೆ, ಅರವತ್ತು-ಎಪ್ಪತ್ತು ಪೈಸೆ. ಕಡಲೆಕಾಯಿ ಬೀಜದ್ದೂ ಹೆಚ್ಚುಕಮ್ಮಿ ಅಷ್ಟೇ. ಸೋಯಾ ಚಂಕ್ಸ್ ಇನ್ನೂ ಅಗ್ಗ, ಅದರ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ. ಹುರುಳಿಕಾಳನ್ನು ದನದ ಮೇವು ಅಂತ ಮೂಗು ಮುರಿಯೋರಿದ್ದಾರೆ, ಅದರಲ್ಲೂ 100 ಗ್ರಾಂಗೆ 22 ಗ್ರಾಂ ಇದೆ. ದುಡ್ಡಿದ್ದವರು ಪುಡಿ ಕುಡೀಲಿ, ನನ್ನದೇನೂ ಅಭ್ಯಂತರ ಇಲ್ಲ. ಆದರೆ ಈ ದೇಶದ ಪ್ರೋಟೀನ್ ಚರ್ಚೆಯನ್ನು ಆಗಲೇ ಸಾಕಷ್ಟು ತಿನ್ನುತ್ತಿರುವ ವರ್ಗ ಪೂರ್ತಿ ಆವರಿಸಿಕೊಂಡಿರೋದು ಸರಿಯಲ್ಲ.

ಮುದ್ದೆ, ಅನ್ನ, ತಿಳಿಸಾರು: ಒಂದು ದಿನದ ಲೆಕ್ಕ

ಈಗ ಸಾಮಾನ್ಯ ಊಟಕ್ಕೆ ಬರೋಣ. ಬೆಳಗ್ಗೆ ಚಿತ್ರಾನ್ನ: 100 ಗ್ರಾಂ ಅಕ್ಕಿಯಿಂದ 8 ಗ್ರಾಂ ಪ್ರೋಟೀನ್, ಒಗ್ಗರಣೆಗೆ ಹಾಕಿದ ಒಂದು ಸಣ್ಣ ಹಿಡಿ ಕಡಲೆಬೀಜದಿಂದ ಮೂರೂವರೆ ಗ್ರಾಂ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ 7 ಗ್ರಾಂ, ಮೇಲೆ 75 ಗ್ರಾಂ ಅಕ್ಕಿಯ ಅನ್ನ 6 ಗ್ರಾಂ, ಸಾರಿನಲ್ಲಿ ನಿಮ್ಮ ಪಾಲಿಗೆ ಬಂದ 20 ಗ್ರಾಂ ಬೇಳೆಯಿಂದ ನಾಲ್ಕೂವರೆ. ರಾತ್ರಿ ಮತ್ತೆ ಅನ್ನ 8, ಅದೇ ಸಾರು ನಾಲ್ಕೂವರೆ. ಒಟ್ಟು 41 ಗ್ರಾಂ ಮೇಲೆ ಚೂರು.

“ಅಯ್ಯೋ, 46ರ ಹತ್ತಿರಾನೇ ಇದೆಯಲ್ಲ” ಅನ್ನಿಸುತ್ತೆ. ಅಂಕಿ ಮೋಸ ಮಾಡೋದು ಇಲ್ಲೇ. ಈ 41ರಲ್ಲಿ 29 ಗ್ರಾಂ ಬಂದಿದ್ದು ಅಕ್ಕಿ-ರಾಗಿಯಿಂದ. ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಗತ್ಯ ಅಮೈನೋ ಆಮ್ಲ ಕಮ್ಮಿ. ಒಂದು ಬಗೆಯ ಇಟ್ಟಿಗೆ ಖಾಲಿಯಾದರೆ ಉಳಿದವು ರಾಶಿ ಇದ್ದರೂ ಗೋಡೆ ಅಲ್ಲಿಗೇ ನಿಲ್ಲುತ್ತೆ. ಬೇಳೆ-ಕಾಳಿನ ಕತೆ ಉಲ್ಟಾ, ಅದರಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ಎರಡನ್ನೂ ಕೂಡಿಸಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ.

ನಮ್ಮ ಅಜ್ಜಿಯರು ಅಮೈನೋ ಆಮ್ಲದ ಹೆಸರು ಕೇಳದೆಯೇ ಇದನ್ನು ಮಾಡ್ಕೊಂಡು ಬಂದಿದ್ದಾರೆ. ಜೋಳದ ರೊಟ್ಟಿಗೆ ಝುಣಕ, ಮಡಕಿ ಕಾಳಿನ ಪಲ್ಯ. ಮುದ್ದೆಗೆ ಅವರೆಕಾಳು ಸಾರು, ಮೊಳಕೆ ಹುರುಳಿ ಸಾರು. ಅಕ್ಕಿಗೆ ಉದ್ದು ಸೇರಿದ ಇಡ್ಲಿ, ಹೆಸರುಬೇಳೆ ಸೇರಿದ ಹುಗ್ಗಿ, ತೊಗರಿ ಸೇರಿದ ಬಿಸಿಬೇಳೆಬಾತ್. ನೆನೆಹಾಕೋದು, ಮೊಳಕೆ ಕಟ್ಟೋದು, ಹುದುಗಿಸೋದು ಇವೆಲ್ಲ ಕಾಳಿನಲ್ಲಿರುವ ಫೈಟೇಟಿನಂಥ ತಡೆಗಳನ್ನು ಇಳಿಸ್ತವೆ. ಒಂದೇ ತುತ್ತಿನಲ್ಲಿ ಎರಡೂ ಇರಬೇಕು ಅಂತೇನಿಲ್ಲ, ದಿನದೊಳಗೆ ಸೇರಿದರೆ ಸಾಕು.

ಇಷ್ಟು ಕೇಳಿ “ನೋಡಿ, ನಮ್ಮ ಸಂಪ್ರದಾಯದಲ್ಲಿ ಎಲ್ಲಾ ಇದೆ” ಅಂತ ಎದೆ ತಟ್ಟಿಕೊಳ್ಳೋರು ಸ್ವಲ್ಪ ತಡೀಬೇಕು. ಸಂಪ್ರದಾಯದಲ್ಲಿದೆ, ಸೌಟಿನಲ್ಲಿಲ್ಲ. ಅನ್ನಕ್ಕೆ ನಾಲ್ಕನೇ ಒಂದು ಪಾಲು ಬೇಳೆ ಬೀಳಬೇಕಾದ ಕಡೆ ಹತ್ತನೇ ಒಂದು ಪಾಲು ಬಿದ್ದರೆ ಪಾಕವಿಧಾನದ ಜಾಣತನ ಏನೂ ಮಾಡಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಮೈನೋ ಆಮ್ಲಗಳಿಗೆ ಐಸೊಟೋಪಿನ ಗುರುತು ಹಾಕಿ, ತಿಂದದ್ದರಲ್ಲಿ ಎಷ್ಟು ನಿಜವಾಗಿ ರಕ್ತ ಸೇರುತ್ತೆ ಅಂತ ಭಾರತೀಯರಲ್ಲೇ ಅಳೆದವರು ಅವರು. ಮೊಟ್ಟೆಯ ಅಮೈನೋ ಆಮ್ಲಗಳಲ್ಲಿ ಶೇ. 90ರಷ್ಟು ಹೀರಲ್ಪಟ್ಟರೆ, ಕಾಳುಗಳದ್ದು ಶೇ. 60-70ರ ಆಸುಪಾಸು. ಸಿಪ್ಪೆ ತೆಗೆದರೆ ಸ್ವಲ್ಪ ಏರುತ್ತೆ. ಅಂದರೆ ಪೊಟ್ಟಣದ ಮೇಲೆ ಬರೆದ ಗ್ರಾಂ ಬೇರೆ, ಮೈಗೆ ಹತ್ತುವ ಗ್ರಾಂ ಬೇರೆ.

ಒಮ್ಮೆ ಅತಿರೇಕ, ಒಮ್ಮೆ ಮರೆವು

ಪ್ರೋಟೀನ್ ಬಗ್ಗೆ ಜಗತ್ತು ಹಿಂದೆ ಒಮ್ಮೆ ಹುಚ್ಚೆದ್ದು ಕುಣಿದಿತ್ತು. 1930ರ ದಶಕದಲ್ಲಿ, ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಕಾಲು-ಹೊಟ್ಟೆ ಊದಿಕೊಂಡು ಸಾಯುತ್ತಿದ್ದ ಮಕ್ಕಳ ಕಾಯಿಲೆಯನ್ನು ವರದಿ ಮಾಡಿದರು. ಅಲ್ಲಿನ ಗಾ ಭಾಷೆಯ ಜನ ಅದನ್ನು ಕ್ವಾಶಿಯೋರ್ಕರ್ ಅಂತಿದ್ದರು. ಹೊಸ ಕೂಸು ಹುಟ್ಟಿದಾಗ ಎದೆಹಾಲಿನಿಂದ ದೂರವಾದ ಹಿರಿಯ ಮಗುವಿಗೆ ಬರುವ ಕಾಯಿಲೆ ಅಂತ ಆ ಹೆಸರಿನ ಅರ್ಥ. ಪ್ರೋಟೀನ್ ಕೊರತೆಯೇ ಕಾರಣ ಅಂತ ನಂಬಿದ ಅಂತಾರಾಷ್ಟ್ರೀಯ ಸಂಸ್ಥೆಗಳು 1950-60ರ ದಶಕಗಳಲ್ಲಿ ‘ಪ್ರೋಟೀನ್ ಅಂತರ’ ತುಂಬೋಕೆ ಹೊರಟವು. ಮೈಸೂರಿನ ಸಿಎಫ್‌ಟಿಆರ್‌ಐ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಹುರಿದ ಕಡಲೆಹಿಟ್ಟು ಬೆರೆಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಮಾಡಿದ್ದು ಆ ಕಾಲದಲ್ಲೇ.

ಇದಕ್ಕೆ ಎದುರು ಮಾತಾಡಿದವರಲ್ಲಿ ಇಬ್ಬರು ಭಾರತೀಯರಿದ್ದರು. ಎನ್‌ಐಎನ್‌ನ ಸಿ. ಗೋಪಾಲನ್, ಊದಿಕೊಂಡ ಮಕ್ಕಳ ಊಟಕ್ಕೂ ಒಣಗಿ ಕಡ್ಡಿಯಾದ ಮಕ್ಕಳ ಊಟಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತ ತೋರಿಸಿದರು. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ, ಒಟ್ಟು ಊಟವೇ ಸಾಲದಿರೋದು ಮೂಲ ಸಮಸ್ಯೆ, ಹೊಟ್ಟೆ ತುಂಬಿದರೆ ಪ್ರೋಟೀನೂ ಹಿಂದೆಯೇ ಬರುತ್ತೆ ಅಂದರು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಇಡೀ ಅಧ್ಯಾಯವನ್ನು ‘ಮಹಾ ಪ್ರೋಟೀನ್ ಫಜೀತಿ’ ಅಂತ ಕರೆದು ಲೇಖನ ಬರೆದರು.

ಅವರು ಆ ಹೊತ್ತಿಗೆ ಹೇಳಿದ್ದು ಸರಿಯಾಗೇ ಇತ್ತು. ಆದರೆ ಅದರಿಂದ ನೀತಿ ರೂಪಿಸುವವರು ಹಿಡಿದುಕೊಂಡದ್ದು ‘ಧಾನ್ಯ ಕೊಟ್ಟರೆ ಸಾಕು’ ಅನ್ನೋ ಅರ್ಧ ಪಾಠವನ್ನು. ಆಮೇಲೆ ವಿಜ್ಞಾನ ಮುಂದೆ ಹೋಯ್ತು. ವಯಸ್ಕರಿಗೆ ದಿನಕ್ಕೆ ಬೇಕಾದ ಲೈಸಿನ್ ಕೆ.ಜಿ.ಗೆ 12 ಮಿಲಿಗ್ರಾಂ ಅಂತ 1985ರಲ್ಲಿ ಹೇಳಿದ್ದ ವಿಶ್ವಸಂಸ್ಥೆಯ ತಜ್ಞರು 2007ರಲ್ಲಿ ಅದನ್ನು 30ಕ್ಕೆ ಏರಿಸಿದರು. ಬೆಂಗಳೂರಿನ ಅಧ್ಯಯನಗಳ ಪಾಲೂ ಅದರಲ್ಲಿದೆ. ಎರಡೂವರೆ ಪಟ್ಟು! ಅನ್ನ ಉಂಡೇ ಲೈಸಿನ್ ಪೂರೈಸಿಕೊಳ್ಳಬಹುದು ಅನ್ನೋ ವಾದ ಅಲ್ಲಿಗೆ ಸಡಿಲವಾಯ್ತು. ಪಡಿತರದ ಚೀಲ ಮಾತ್ರ ಬದಲಾಗಲಿಲ್ಲ.

ಅಕ್ಕಿಗೆ ಖಾತ್ರಿ, ಬೇಳೆಗೆ ಜೂಜು

1961ರಲ್ಲಿ ದೇಶದಲ್ಲಿ ತಲಾ ದಿನಕ್ಕೆ 69 ಗ್ರಾಂ ಬೇಳೆಕಾಳು ಲಭ್ಯವಿತ್ತು. 2001ರ ಹೊತ್ತಿಗೆ ಅದು 30 ಗ್ರಾಂ. ಹಸಿರು ಕ್ರಾಂತಿ ಭತ್ತ-ಗೋಧಿಗೆ ಹೊಸ ತಳಿ, ನೀರಾವರಿ, ಸರ್ಕಾರಿ ಖರೀದಿಯ ಖಾತ್ರಿ ಎಲ್ಲವನ್ನೂ ಕೊಟ್ಟಿತು. ದ್ವಿದಳ ಧಾನ್ಯಗಳು ಮಳೆ ನೆಚ್ಚಿದ ಎರೆಭೂಮಿಗೆ ಸರಿದವು. ಬೆಂಬಲ ಬೆಲೆ ಘೋಷಣೆ ತೊಗರಿಗೂ ಆಗುತ್ತೆ, ಆದರೆ ಅಕ್ಕಿ-ಗೋಧಿಯ ಮಟ್ಟದಲ್ಲಿ ಸರ್ಕಾರ ಕೊಳ್ಳಲ್ಲ. ಬೆಲೆ ಏರಿದಾಗ ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಆಮದು, ಬಿದ್ದಾಗ ರೈತ ಮಾರುಕಟ್ಟೆ ಅಂಗಳದಲ್ಲಿ ಮೂಟೆ ಮೇಲೆ ಕೂತಿರ್ತಾನೆ. ಪ್ರಪಂಚದಲ್ಲೇ ಅತಿ ಹೆಚ್ಚು ಬೇಳೆಕಾಳು ಬೆಳೆಯೋದು ನಾವು, ತಿನ್ನೋದು ನಾವು, ಆಮದು ಮಾಡ್ಕೊಳ್ಳೋದೂ ನಾವೇ.

ಇದರ ವಿಪರ್ಯಾಸ ಎದ್ದು ಕಾಣೋದು ಕಲಬುರಗಿಯಲ್ಲಿ. ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಆ ಬೇಳೆ ರಾಜ್ಯವೆಲ್ಲ ಓಡಾಡುತ್ತೆ. ಅದೇ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮಕ್ಕಳ ಅಪೌಷ್ಟಿಕತೆಯಲ್ಲಿ ರಾಜ್ಯದಲ್ಲೇ ಮುಂದಿವೆ. ಇಡೀ ಕರ್ನಾಟಕದ ಲೆಕ್ಕ ತಗೊಂಡರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, ಶೇ. 65.5ರಷ್ಟು ರಕ್ತಹೀನತೆ ಇರುವವರು. ಇದೆಲ್ಲ ಪ್ರೋಟೀನ್ ಒಂದರಿಂದಲೇ ಅಂತ ನಾನು ಹೇಳ್ತಿಲ್ಲ. ಕಬ್ಬಿಣ, ಸತು, ವಿಟಮಿನ್‌ಗಳು, ತಾಯಿಯ ಆರೋಗ್ಯ, ಸೋಂಕು ಎಲ್ಲ ಸೇರಿದೆ. ಆದರೆ ಮೊಟ್ಟೆ, ಹಾಲು, ಮೀನು, ಮಾಂಸ, ಕಾಳು ಈ ಪೋಷಕಾಂಶಗಳನ್ನೂ ಜೊತೆಗೇ ತರ್ತವೆ. ಪುಡಿ ಡಬ್ಬಿಗಿಂತ ಊಟ ಮೇಲು ಅನ್ನೋದು ಅದಕ್ಕೇ.

ಅನ್ನಭಾಗ್ಯವನ್ನು ಹೀಯಾಳಿಸುವವರ ಸಾಲಿನಲ್ಲಿ ನಾನಿಲ್ಲ. ತಲೆಗೆ 10 ಕೆ.ಜಿ. ಅಕ್ಕಿ ಅಂದರೆ ದಿನಕ್ಕೆ 333 ಗ್ರಾಂ, ಅದರಲ್ಲೇ 26 ಗ್ರಾಂ ಪ್ರೋಟೀನ್ ಇದೆ. ಹಸಿವಿನಿಂದ ತೇಗದ ಬಾಗಿಲು ಉರಿಯೋದು ಅದರಿಂದ ನಿಂತಿದೆ. ನನ್ನ ಪ್ರಶ್ನೆ ಅಕ್ಕಿಯ ಪಕ್ಕದಲ್ಲಿ ಏನಿದೆ ಅನ್ನೋದು.

ಮೊಟ್ಟೆಯ ಜಗಳದಲ್ಲಿ ಮಗು ಎಲ್ಲಿ?

ಶಾಲೆಯ ಬಿಸಿಯೂಟದಲ್ಲಿ ಈ ಪ್ರಶ್ನೆ ಗ್ರಾಂಗಳಲ್ಲೇ ಕಾಣುತ್ತೆ. ಪ್ರಾಥಮಿಕ ಶಾಲೆಯ ಮಗುವಿಗೆ ಒಂದು ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಅನ್ನೋದು ಕೇಂದ್ರದ ನಿಯಮ. ಅದಕ್ಕೆ ನಿಗದಿಯಾಗಿರೋದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ಗುಣಿಸಿ ನೋಡಿ: ಅಕ್ಕಿಯಿಂದ 8, ಬೇಳೆಯಿಂದ ನಾಲ್ಕು ಚಿಲ್ಲರೆ. 12 ಬಂತು, ನಿಯಮ ಪಾಲನೆಯಾಯ್ತು! ಮೂರರಲ್ಲಿ ಎರಡು ಪಾಲು ಅಕ್ಕಿಯದ್ದು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಿರೋದು 23 ಗ್ರಾಂ, ಅದೂ ಒಳ್ಳೇ ಗುಣಮಟ್ಟದ್ದು. ಆ ತಟ್ಟೆಗೆ ಒಂದು ಮೊಟ್ಟೆ ಇಟ್ಟರೆ 12 ಇದ್ದದ್ದು 18 ಆಗುತ್ತೆ, ಮತ್ತು ಆ 6 ಗ್ರಾಂ ಬಹುತೇಕ ಪೂರ್ತಿ ಮೈಗೆ ಹತ್ತುತ್ತೆ. ಒಡೆಯದ ಮೊಟ್ಟೆಗೆ ನೀರು ಬೆರೆಸೋಕೂ ಆಗಲ್ಲ. ಸಾರಿಗೆ ಬೆರೆಸಬಹುದು, ಹಾಲಿಗೆ ಬೆರೆಸಬಹುದು.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡೋದು ಶುರುವಾದಾಗ ಏನಾಯ್ತು ನೆನಪಿದೆಯಲ್ಲ. ಕೆಲವು ಮಠಾಧೀಶರು ಬೀದಿಗಿಳಿಯುವ ಎಚ್ಚರಿಕೆ ಕೊಟ್ಟರು. ಮೊಟ್ಟೆ ತಿನ್ನದ ಮಕ್ಕಳಿಗೆ ಭೇದಭಾವ ಆಗುತ್ತೆ ಅನ್ನೋದು ವಾದ. ಆ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಕೊಡುವ ವ್ಯವಸ್ಥೆ ಇತ್ತು. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಮಾಂಸಾಹಾರ ಸೇವಿಸುವವರು ಸುಮಾರು ಶೇ. 79. ಮುಂದಿನ ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ತಯಾರಾದ ಪೊಸಿಷನ್ ಪೇಪರ್ ಒಂದು, ಮೊಟ್ಟೆ-ಮಾಂಸ ನಿಯಮಿತವಾಗಿ ತಿಂದರೆ ಜೀವನಶೈಲಿ ಕಾಯಿಲೆ ಬರುತ್ತೆ ಅಂತ ಬಿಸಿಯೂಟದ ಮೊಟ್ಟೆಯನ್ನು ವಿರೋಧಿಸಿತು. ಅರ್ಧ ಹೊಟ್ಟೆಯ ಮಗುವಿಗೆ ಕೊಲೆಸ್ಟರಾಲ್ ಭಯ! ಇದನ್ನು ಬರೆದವರ ಮನೆಯ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಊಟ ಮಾಡ್ತಾರಾ ಅಂತ ಕೇಳಬೇಕು ಅನ್ನಿಸಿತ್ತು ನನಗೆ.

ಈ ನಡುವೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳ ತೂಕ ಏರಿಕೆ ಚೆನ್ನಾಗಿತ್ತು ಅಂತ ಕಂಡುಬಂತು. ಯೋಜನೆ ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ತೀರ್ಮಾನವಾಯ್ತು. ಸಂತೋಷ. ಆದರೆ ಮಕ್ಕಳ ಮೊಟ್ಟೆ ದಾನಿಯ ಒಪ್ಪಂದದ ಅವಧಿ ಮೇಲೆ ನಿಂತಿರೋದು ನನಗೆ ಸಮಾಧಾನ ತರಲ್ಲ. ಖರೀದಿ, ಸಾಗಣೆ, ಗ್ಯಾಸು, ಸಿಪ್ಪೆ ಸುಲಿಯೋದು ಎಲ್ಲ ಸೇರಿ ಮೊಟ್ಟೆಗೆ 6 ರೂಪಾಯಿ ಅಂತ ನಿಗದಿಯಾಗಿದ್ದಾಗ, ಪೇಟೆಯಲ್ಲಿ ಬೆಲೆ ಏರಿದರೆ ಜೇಬಿಂದ ಹಾಕಬೇಕು ಅಂತ ಮುಖ್ಯ ಶಿಕ್ಷಕರು ದೂರುತ್ತಲೇ ಬಂದಿದ್ದಾರೆ.

ಬಾಳೆಹಣ್ಣಿನ ಬಗ್ಗೆ ಒಂದು ಮಾತು. ಮೊಟ್ಟೆ ತಿನ್ನದ ಮಗುವಿನ ಹಕ್ಕು ಗೌರವಿಸಲೇಬೇಕು. ಆದರೆ ಒಂದು ಬಾಳೆಹಣ್ಣಿನಲ್ಲಿರೋದು ಸುಮಾರು 1 ಗ್ರಾಂ ಪ್ರೋಟೀನ್. ಅದನ್ನು ಮೊಟ್ಟೆಗೆ ಸಮ ಅಂತ ಕೊಟ್ಟರೆ ಮೋಸ ಆಗೋದು ಸಸ್ಯಾಹಾರಿ ಮಗುವಿಗೇ. ಹುರಿದ ಕಡಲೆಬೀಜ, ಮೊಳಕೆ ಕಾಳಿನ ಉಸ್ಲಿ, ಕ್ಷೀರಭಾಗ್ಯದ 150 ಮಿ.ಲೀ. ಹಾಲಿನ ಜೊತೆ ಇನ್ನೊಂದು ಲೋಟ ಅಂತ ಜಗಳ ಮಾಡಿದ್ದರೆ ಆ ಮಠಗಳ ಮಾತಿಗೆ ತೂಕ ಇರುತ್ತಿತ್ತು.

ದನದ ಮಾಂಸದ ಮಾತನ್ನು ಬಿಟ್ಟು ಈ ವಿಷಯ ಮುಗಿಸೋದು ಅಪ್ರಾಮಾಣಿಕತೆ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆಗಳ ವಧೆಗೆ ಅವಕಾಶವಿತ್ತು. 2020ರ ಕಾಯ್ದೆ 13 ವರ್ಷ ಮೇಲ್ಪಟ್ಟ ಎಮ್ಮೆ-ಕೋಣ ಬಿಟ್ಟು ಉಳಿದೆಲ್ಲಕ್ಕೂ ಬಾಗಿಲು ಹಾಕಿತು. ಕುರಿ ಮಾಂಸದ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತಿದ್ದ, ದಲಿತ, ಮುಸ್ಲಿಂ, ಕ್ರೈಸ್ತ ಕುಟುಂಬಗಳ ತಟ್ಟೆಯಲ್ಲಿದ್ದ ಪ್ರೋಟೀನ್ ಅದು. ಲೈಸಿನ್, ಕಬ್ಬಿಣ, ಬಿ12 ಮೂರೂ ಒಟ್ಟಿಗೆ. ಅದನ್ನು ಕಿತ್ತುಕೊಂಡವರು ಅದರ ಜಾಗಕ್ಕೆ ಏನಿಟ್ಟರು ಅಂತ ವಿಧಾನಸಭೆಯಲ್ಲಿ ಗ್ರಾಂ ಲೆಕ್ಕದಲ್ಲಿ ಚರ್ಚೆ ನಡೆದದ್ದು ನನಗೆ ನೆನಪಿಲ್ಲ.

ಕಿಟ್ ಬಂದರೆ ಏನನ್ನು ತೂಗಬೇಕು?

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ, ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ‘ಇಂದಿರಾ ಕಿಟ್’ ಕೊಡಲು ಒಪ್ಪಿಗೆ ಕೊಟ್ಟಿತು. ಪಡಿತರದ ಚೀಲದಲ್ಲಿ ಅಕ್ಕಿಯ ಪಕ್ಕ ಬೇಳೆಗೆ ಜಾಗ ಬೇಕು ಅಂತ ಒಪ್ಪಿಕೊಂಡಿದ್ದೇ ದಿಕ್ಕು ಸರಿಯಿದೆ ಅನ್ನೋದರ ಗುರುತು. ಆದರೆ ಲೆಕ್ಕ ಹಾಕಿ. ನಾಲ್ಕು ಜನರ ಮನೆಗೆ ತಿಂಗಳಿಗೆ 1 ಕೆ.ಜಿ. ಬೇಳೆ ಸಿಕ್ಕರೆ ತಲೆಗೆ ದಿನಕ್ಕೆ 8 ಗ್ರಾಂ ಚಿಲ್ಲರೆ, ಪ್ರೋಟೀನ್ 2 ಗ್ರಾಂಗೂ ಕಮ್ಮಿ. 2 ಕೆ.ಜಿ. ಆದರೆ ಅದರ ದುಪ್ಪಟ್ಟು. ಎನ್‌ಐಎನ್‌ನ ಮಾದರಿ ತಟ್ಟೆಯಲ್ಲಿ ವಯಸ್ಕರೊಬ್ಬರಿಗೆ ದಿನಕ್ಕೆ ಬೇಳೆಕಾಳು 85 ಗ್ರಾಂ. ಅದರಲ್ಲಿ ಸ್ವಲ್ಪವನ್ನು ಮೊಟ್ಟೆ-ಮಾಂಸದಿಂದ ತುಂಬಿಸಿಕೊಳ್ಳಬಹುದು. ನಾಲ್ಕು ಜನಕ್ಕೆ ತಿಂಗಳಿಗೆ ಅದು 10 ಕೆ.ಜಿ. ದಾಟುತ್ತೆ.

ಹಾಸ್ಟೆಲಿನಲ್ಲಿ ಇರೋರಿಗೆ ಇದೇ ಲೆಕ್ಕ ಇನ್ನೂ ಸುಲಭ. ನೋಟಿಸ್ ಬೋರ್ಡಿನ ಮೆನುವಿನಲ್ಲಿ ‘ಅನ್ನ, ಸಾಂಬಾರ್’ ಅಂತಷ್ಟೇ ಬರೆದಿರುತ್ತೆ, ಗ್ರಾಂ ಇರಲ್ಲ. ತಿಂಗಳಿಗೆ ಎಷ್ಟು ಕೆ.ಜಿ. ಬೇಳೆ ಬಂತು, ಎಷ್ಟು ವಿದ್ಯಾರ್ಥಿಗಳು ಉಂಡರು ಅಂತ ಎರಡು ಅಂಕಿ ಸಿಕ್ಕರೆ ಸಾಕು, ಭಾಗಿಸಿದರೆ ತಲಾ ಎಷ್ಟು ಅಂತ ಬಂದುಬಿಡುತ್ತೆ. ಬಾಯಿಮಾತಲ್ಲಿ ಕೊಡಲಿಲ್ಲ ಅಂದರೆ, ಸರ್ಕಾರಿ ಹಾಸ್ಟೆಲಾದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.